ಕಿಂಡಿ ಕಲಿತ ಹೆಸರು

ಗ್ರಿಮ್ಸ್‌ಬಿ
ನವೆಂಬರ್ ೯, ಗುರುವಾರ ಮಧ್ಯಾಹ್ನ

ಮುದ್ದಿನ ಹೇಜಲ್,

ಫೋನು ಮಾಡುವುದು ಬಿಟ್ಟು ಅಮ್ಮ ಕಾಗದ ಬರೆಯುತ್ತಿದ್ದಾಳಲ್ಲ, ಕ್ರಿಸ್‌ಮಸ್ ಕಾರ್ಡೇನಾದರೂ ಈ ಸಲ ಬೇಗ ಬಂತೇ ಎಂದುಕೊಂಡಿರುತ್ತೀಯ. ನಮ್ಮ ಫೋನು ಇನ್ನೂ ಅದೇ ಮೆಟ್ಟಿಲ ಬುಡದಲ್ಲಿದೆ. ಅಲ್ಲಿ ನಿಂತು ಮಾತಾಡಿದರೆ ಮನೆಗೆಲ್ಲ ಕೇಳುತ್ತದೆ. ಒಬ್ಬಳೇ ಇರುವವಳ ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರು ಎಂದು ನೀನು ಕೇಳಬಹುದು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಪೂರ್ತಿ ಓದುವ ತನಕ ಸಿಟ್ಟು ಮಾಡಿಕೊಳ್ಳಬೇಡ.

ಶನಿವಾರ ನೀನು ಈ ಮನೆಗೆ ಬರಬೇಡ, ಮಗಳೇ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಅತ್ತೆ. ನಿನ್ನ ಅಪ್ಪನ ದೋಣಿಯನ್ನು ನಾನು ಮಾರಿದ್ದಕ್ಕೆ ನೀನು ಮುನಿಸಿಕೊಂಡು ಲೀಡ್ಸ್‌ಗೆ ಹೋದಮೇಲೆ ನಮ್ಮಿಬ್ಬರ ನಡುವೆ ವರ್ಷಕ್ಕೊಂದು ಕಾರ್ಡು ಬಿಟ್ಟರೆ ಏನಿತ್ತು? ಅಂಥದ್ದರಲ್ಲಿ ಕಳೆದ ತಿಂಗಳು ನೀನೇ ಫೋನು ಮಾಡಿ, "ಅಮ್ಮ, ನಾನು ಬಸುರಿ. ಹೆರಿಗೆ ಆಗೋವರೆಗೂ ನಿನ್ನ ಹತ್ರ ಬಂದು ಇರ್ಲಾ?" ಎಂದೆ. ಆಮೇಲೆ "ಪಾಪೂಗೆ ಹೆಸರು ಆರಿಸಿದೀವಿ. ಈಗ ಹೇಳಲ್ಲ, ಬಂದಮೇಲೆ ನಿನ್ನ ಕಿವೀಲಿ ಹೇಳ್ತೀನಿ" ಎಂದೆಯಲ್ಲ, ಅವತ್ತಿನಿಂದ ಆ ಹೆಸರು ಏನಿರಬಹುದು ಎಂದು ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ. ಈಗ ಬರಬೇಡ ಎಂದರೆ ನೀನು ಮತ್ತೆ ದೂರವಾಗುತ್ತೀಯ, ಈ ಸಲ ಮೊಮ್ಮಗುವನ್ನೂ ಕರೆದುಕೊಂಡು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಬೆಕ್ಕಿನಿಂದ. ನನ್ನ ಟಾಫಿಯನ್ನು ನೀನು ಫೋಟೋದಲ್ಲಷ್ಟೇ ನೋಡಿದ್ದೀಯ. ಬಸುರಿಯರು ಬೆಕ್ಕು ಕಕ್ಕಸಿಗೆ ಕೂರುವ ಮಣ್ಣಿನ ತಟ್ಟೆಯ ಹತ್ತಿರ ಸುಳಿಯಬಾರದು ಎಂದು ನಿನ್ನ ದಾದಿ ಹೇಳಿದಳಂತಲ್ಲ. ಸರಿ, ತಟ್ಟೆಯನ್ನೇ ಎತ್ತಿ ಎಸೆದು, ಅದು ತನ್ನ ಪಾಡಿಗೆ ಹಿತ್ತಲಿಗೆ ಹೋಗಿ ಬರುವಂತೆ ಹಿಂಬಾಗಿಲಿಗೊಂದು ಬೆಕ್ಕಿನ ಕಿಂಡಿ ಹಾಕಿಸೋಣ ಎಂದುಕೊಂಡೆ. ಪಕ್ಕದ ಮನೆಯ ಬೆರಿಲ್ ಕೇಳಿದವಳೇ ನಕ್ಕಳು. "ಅಷ್ಟು ಗಟ್ಟಿ ಪ್ಲಾಸ್ಟಿಕ್ ಬಾಗಿಲಿಗೆ ತೂತು ಹೊಡಿಸ್ತೀಯಾ? ಸಮುದ್ರದ ಗಾಳಿಗೆ ನೀನೇ ಕರೆದು ಬಾಡಿಗೆ ಇಲ್ದೆ ಮನೆ ಕೊಟ್ಟಂಗಾಯ್ತು, ನೋಡ್ಕೋ" ಎಂದಳು. ಎಂದವಳೇ ತನ್ನ ಅಳಿಯ ನೆವಿಲ್‌ನನ್ನು ಕಳಿಸಿಕೊಟ್ಟಳು. ಬಾಯಿ ಜಾಸ್ತಿ, ಮನಸ್ಸು ಒಳ್ಳೆಯದು, ನಿನಗೆ ಗೊತ್ತಲ್ಲ.

ನೆವಿಲ್ ಕೆಳಗಿನ ಹಲಗೆಯ ಸುತ್ತಲಿನ ಪಟ್ಟಿಗಳನ್ನು ಉಳಿಯಿಂದ ಎಬ್ಬಿಸಿ, ಹಲಗೆಯನ್ನು ಹೊರಗೆಳೆದು, ಹಿತ್ತಲಲ್ಲಿಟ್ಟು ಗರಗಸ ಹಾಕಿದ. ಅಷ್ಟು ವರ್ಷ ಗಟ್ಟಿ ಎಂದುಕೊಂಡಿದ್ದ ಬಾಗಿಲು ನೋಡಿದರೆ ಎರಡು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ನಡುವೆ ಥರ್ಮೋಕೋಲಿನಂಥ ಬಿಳಿ ಬುರುಗು, ಅಷ್ಟೆ. ಆ ಬುರುಗಿನ ಪುಡಿ ಹಿತ್ತಲ ತುಂಬ ಹಾರಾಡಿತು. ನನ್ನ ನಿನ್ನ ನಡುವೆ ಇಷ್ಟು ವರ್ಷ ಇದ್ದದ್ದೂ ಇಷ್ಟೇ ತೆಳ್ಳನೆಯದಲ್ಲವೇ ಎಂದು ಅನ್ನಿಸಿ ಒಳಗೊಳಗೇ ನಕ್ಕೆ. ಅವತ್ತು ನನಗೆ ಎಲ್ಲದಕ್ಕೂ ನೀನೇ ನೆನಪಾಗುತ್ತಿದ್ದೆ.

ಈಗಿನ ಕಿಂಡಿಗಳು ಹಳೆಯವುಗಳಂತಲ್ಲ. ಬೆಕ್ಕಿನ ಕತ್ತಿನ ಚರ್ಮದೊಳಗೆ ಪಶುವೈದ್ಯೆ ಅಕ್ಕಿಕಾಳಿನಷ್ಟು ಚಿಪ್ ಹಾಕಿರುತ್ತಾಳಲ್ಲ, ಅದನ್ನು ಕಿಂಡಿ ಓದುತ್ತದೆ. ಒಂದು ಗುಂಡಿ ಒತ್ತಿದರೆ ಕೆಂಪು ದೀಪ ಮಿಣುಕುತ್ತದೆ. ಆಗ ಬೆಕ್ಕನ್ನು ಕರೆಯಬೇಕು. ಮೊದಲು ಯಾರು ತಲೆ ತೂರಿಸುತ್ತಾರೋ ಅವರನ್ನು ಅದು ಕಲಿತುಕೊಂಡು ಹಸಿರು ದೀಪ ತೋರಿಸುತ್ತದೆ. ಆಮೇಲೆ ಅವರಿಗೆ ಬಿಟ್ಟು ಬೇರೆಯವರಿಗೆ ತೆರೆಯುವುದಿಲ್ಲ. ಬೀದಿಬೆಕ್ಕು ನುಗ್ಗಬಾರದಲ್ಲ, ಅದಕ್ಕೆ. ನವೆಂಬರ್ ಐದರ ಪಟಾಕಿ ಹಬ್ಬದ ಗಲಾಟೆ ಹತ್ತಿರವಿದ್ದುದರಿಂದ, ಒಳಗೆ ಬರಬಹುದು, ಹೊರಗೆ ಹೋಗಲಾಗದು ಎಂಬ ಕಡೆಗೆ ತಿರುಗಣೆ ತಿರುಗಿಸಿ ಇಟ್ಟೆವು.

ನೆವಿಲ್ ಟೀ ಕಪ್ಪು ಹಿಡಿದು ಹಿತ್ತಲಲ್ಲಿ ನಿಂತ. ನಾನು ಅಡುಗೆಮನೆಯಲ್ಲಿ ಮೊಣಕಾಲೂರಿ, ಮೀನಿನ ಡಬ್ಬಿ ತೆರೆದಿಟ್ಟುಕೊಂಡು ಗುಂಡಿ ಒತ್ತಿದೆ. ದೀಪ ಮಿಣುಕಿತು. ಟಾಫಿ ಎಂದು ಕರೆಯಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಹೇಜಲ್, ಬಾ ಪುಟ್ಟೀ, ಒಳಗೆ ಬಾ."

ಹೊರಗಿನಿಂದ ನೆವಿಲ್ ಜೋರಾಗಿ ನಕ್ಕ. "ಮಗಳು ಈ ಕಿಂಡೀಲಿ ಹಿಡಿಸ್ತಾಳಾ ಅಕ್ಕ? ಅದೂ ಈಗ?"

ನಾನೂ ನಕ್ಕೆ. ಹೆತ್ತವರು ಮಕ್ಕಳ ಹೆಸರು ಹಿಡಿದು ನಾಯಿ ಬೆಕ್ಕನ್ನು ಕರೆಯುವುದು ಹೊಸದೇ? ಅಷ್ಟರಲ್ಲಿ ಕಿಂಡಿಯ ಕೊಕ್ಕೆ ಬಿಚ್ಚಿಕೊಂಡ ಸದ್ದಾಯಿತು. ಮುಚ್ಚಳ ಪೂರ್ತಿ ಒಳಕ್ಕೆ ಎದ್ದು, ಏನೋ ಒಂದು ದಾಟುವಷ್ಟು ಹೊತ್ತು ಹಾಗೇ ನಿಂತು, ಮೆಲ್ಲಗೆ ಇಳಿಯಿತು. ನನ್ನ ಮೊಣಕಾಲಿಗೆ ತಣ್ಣನೆ ಗಾಳಿ ಸೋಕಿತು. ದೀಪ ಹಸಿರಾಯಿತು.

"ಬಂತಾ ಅಕ್ಕ?" ಎಂದ.

"ನೀನು ಕೈಯಲ್ಲಿ ತಳ್ಳಿದ್ಯಾ?" ಎಂದೆ.

"ನಾನ್ಯಾಕೆ ತಳ್ಳಲಿ? ಒಂದು ಕೈಲಿ ಟೀ, ಇನ್ನೊಂದು ಕೈಲಿ ಬಿಸ್ಕತ್ತು. ಬೆಕ್ಕು ಒಳಗೆ ಬಂತೋ ಇಲ್ವೋ?"

ಕಿಟಕಿಯಿಂದ ನೋಡಿದರೆ ಟಾಫಿ ನೆವಿಲ್‌ನ ಬೆನ್ನ ಹಿಂದೆ ಹಿತ್ತಲ ಗೋಡೆಯ ಮೇಲೆ ಕೂತಿತ್ತು. ಬಾಲ ದಪ್ಪಗಾಗಿತ್ತು. ಅದು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹೆಗಲಿನಾಚೆ.

ಆಮೇಲೆ ನೆವಿಲ್ ಎಷ್ಟು ಒದ್ದಾಡಿದರೂ ಆ ಕಿಂಡಿ ಟಾಫಿಯನ್ನು ಕಲಿಯಲೇ ಇಲ್ಲ. ಬೆಕ್ಕಿನ ತಲೆಯನ್ನು ಅಲ್ಲಿ ಒತ್ತಿ ಹಿಡಿಯಲು ಹೋಗಿ ಕೈ ಪರಚಿಸಿಕೊಂಡ. ಕಂಪನಿಯವರದ್ದೇ ದೋಷ, ಬೇರೆ ಕಳಿಸಲಿ ಎಂದು ಬೈದುಕೊಂಡು ಹೋದ. ಟಾಫಿ ಅವತ್ತೇ ಬೆರಿಲ್‌ಳ ಮನೆ ಸೇರಿತು. ನಾನು ಎತ್ತಿಕೊಂಡು ಬಂದರೆ ಹೊಸ್ತಿಲಲ್ಲೇ ಕೈಯಿಂದ ಜಾರಿ ಓಡುತ್ತದೆ.

ಮರುದಿನ ಮೇಜಿನ ಮೇಲೆ ಟೋಸ್ಟ್ ಇಟ್ಟು ಬಟ್ಟೆ ಒಣಹಾಕಲು ಹೋಗಿದ್ದೆ. ಬಂದು ನೋಡಿದರೆ ತಟ್ಟೆಯಲ್ಲಿ ಬರೀ ಅಂಚು ಉಳಿದಿತ್ತು. ನಾಲ್ಕೂ ಬದಿಯ ಅಂಚು, ಚೌಕಟ್ಟಿನ ಹಾಗೆ, ಮುರಿಯದೆ. ಹಾಗೆ ತಿನ್ನುವವರು ಈ ಭೂಮಿಯ ಮೇಲೆ ಒಬ್ಬರನ್ನೇ ನಾನು ಬಲ್ಲೆ. ಶಾಲೆಗೆ ಹೋಗುವ ದಿನಗಳಲ್ಲಿ ಅದಕ್ಕಾಗಿ ನಿನಗೆ ಎಷ್ಟು ಬೈದಿಲ್ಲ? ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಕಿರುಗುಟ್ಟುವ ಮೆಟ್ಟಿಲು ಬಂದಾಗ ಅದನ್ನು ದಾಟಿ ಮುಂದಿನದಕ್ಕೆ ಕಾಲಿಡುತ್ತದೆ. ತಡವಾಗಿ ಮನೆಗೆ ಬಂದಾಗ ನೀನು ಹಾಗೇ ಮಾಡುತ್ತಿದ್ದೆ, ನನಗೆ ಗೊತ್ತಾಗುವುದಿಲ್ಲ ಎಂದುಕೊಂಡು. ಸ್ನಾನದ ಮನೆಯ ಟವೆಲ್ ಹಸಿಯಾಗಿರುತ್ತದೆ. ನಿನ್ನ ಕೋಣೆಯ ಹಾಸಿಗೆಯಲ್ಲಿ ಮಲಗಿ ಎದ್ದ ತಗ್ಗು ಇರುತ್ತದೆ.

ಹೆದರಿಕೆಯಾಗಲಿಲ್ಲವೇ ಎಂದು ಕೇಳಬೇಡ. ನಿಜ ಹೇಳುತ್ತೇನೆ, ಮೊದಮೊದಲು ಆಗಲಿಲ್ಲ. ಸುಖವೇ ಆಯಿತು. ಎರಡು ಕಪ್ಪು ಟೀ ಮಾಡುವುದು, ಇನ್ನೊಂದು ತುಂಡು ಬ್ರೆಡ್ಡಿಗೆ ಬೆಣ್ಣೆ ಸವರುವುದು, ಮಹಡಿಯ ಮೇಲೆ ಯಾರೋ ಓಡಾಡುವ ಸದ್ದು ಕೇಳುತ್ತ ಕೂರುವುದು, ಇವೆಲ್ಲ ನನಗೆ ಎಷ್ಟು ಬೇಕಾಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ನೀನು ಬರುವವರೆಗೆ ನಿನ್ನ ನೆನಪು ಮನೆಯಲ್ಲಿ ತಿರುಗಾಡುತ್ತಿದೆ, ತಿರುಗಾಡಲಿ ಬಿಡು ಎಂದುಕೊಂಡೆ. ಎಂಥ ಮಂಕು ಮುದುಕಿ ನಾನು.

ಹೋದ ಭಾನುವಾರ ನೀನು ಫೋನು ಮಾಡಿದ್ದು ನೆನಪಿದೆಯೇ? ಮಾತಿನ ನಡುವೆ "ಅಮ್ಮ, ಯಾರದು ನಿನ್ನ ಜೊತೆ ನಗ್ತಾ ಇರೋದು?" ಎಂದೆ. ಟೀವಿ ಎಂದು ಸುಳ್ಳು ಹೇಳಿದೆ. ಟೀವಿ ಹಾಕಿರಲಿಲ್ಲ. ನಾನು ಆ ನಗುವನ್ನು ನಿನ್ನದೇ ಎಂದುಕೊಂಡಿದ್ದೆ, ಫೋನಿನ ಆ ಕಡೆಯದು. ಅವತ್ತೇ ನೀನು "ಬಗ್ಗಿ ಶೂ ಹಾಕ್ಕೊಳ್ಳೋಕೂ ಆಗ್ತಿಲ್ಲ, ಆನೆ ಹಾಗೆ ನಡೀತೀನಿ" ಎಂದು ಹೇಳಿಕೊಂಡೆ. ಮರುದಿನದಿಂದ ಮೆಟ್ಟಿಲ ಮೇಲಿನ ಹೆಜ್ಜೆ ಭಾರವಾಯಿತು, ಹೇಜಲ್. ಪಕ್ಕದ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಉಸ್ಸೆಂದು ನಿಂತು ಹತ್ತುತ್ತದೆ. ನೀನು ನನಗೆ ಏನು ಹೇಳುತ್ತೀಯೋ ಅದನ್ನು ಅದು ತೆಗೆದುಕೊಳ್ಳುತ್ತದೆ. ಅದಕ್ಕೇ ಫೋನು ಬೇಡ ಎಂದದ್ದು. ಪೆನ್ನಿನ ಸದ್ದಿಗೆ ಅದು ಕಿವಿ ಕೊಟ್ಟಂತೆ ಕಾಣುವುದಿಲ್ಲ. ಬರೆದರೆ ಪರವಾಗಿಲ್ಲ, ಬಾಯಿಬಿಟ್ಟು ಹೇಳಬಾರದು.

ಆಗ ಅದನ್ನು ಹೊರಗೆ ಕಳಿಸಲೇಬೇಕು ಎಂದುಕೊಂಡೆ. ತಿರುಗಣೆಯನ್ನು ಹೊರಗೆ ಹೋಗುವ ಕಡೆಗೆ ತಿರುಗಿಸಿದೆ. ಹಿಂಬಾಗಿಲು ಮುಂಬಾಗಿಲು ಎರಡನ್ನೂ ಹಾರು ಹೊಡೆದು, ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತೆ. ಮನೆಯೆಲ್ಲ ಮಂಜುಗಡ್ಡೆ ಸುರಿದ ಮೀನುಪೇಟೆಯ ಹಾಗೆ ತಣ್ಣಗಾದರೂ ಅದು ಕದಲಲಿಲ್ಲ. ಕರೆದದ್ದಕ್ಕೆ ಬಂದದ್ದು, ಕಳಿಸಿದರೆ ಹೋಗುತ್ತದೋ ಏನೋ. ಹೆಸರು ಹಿಡಿದು ಬಾ ಎಂದಿದ್ದೆ, ಹೆಸರು ಹಿಡಿದು ಹೋಗು ಎನ್ನಬೇಕು. ಬಾಯಿ ತೆರೆದೆ. ಹೇಜಲ್, ಹೊರಗೆ ಹೋಗು, ಇದು ನಿನ್ನ ಮನೆಯಲ್ಲ. ಇಷ್ಟೇ ಮಾತು. ನಾಲಿಗೆ ಏಳಲಿಲ್ಲ. ನೀನು ಸೂಟ್‌ಕೇಸು ಹಿಡಿದು ಹೋದ ದಿನವೂ ನಾನು ಆ ಮಾತು ಹೇಳಿರಲಿಲ್ಲ, ಈಗ ಹೇಗೆ ಹೇಳಲಿ?

ಹಾಗಾದರೆ ನೀನೇ ಮನೆ ಬಿಟ್ಟು ಲೀಡ್ಸ್‌ಗೆ ಬಾ ಎನ್ನುತ್ತೀಯ. ಹೊರಟಿದ್ದೆ. ಬಸ್ಸಿನ ನಿಲ್ದಾಣದವರೆಗೂ ಹೋಗಿದ್ದೆ, ಚೀಲ ಹಿಡಿದು. ಮಹಡಿಯ ಕಿಟಕಿಯಿಂದ "ಅಮ್ಮಾ" ಎಂದು ಅಳುವುದು ಅಲ್ಲಿಯವರೆಗೂ ಕೇಳಿಸಿತು. ಶಾಲೆಯ ಮೊದಲ ದಿನ ಗೇಟಿನ ಸರಳು ಹಿಡಿದು ನೀನು ಅತ್ತಿದ್ದೆಯಲ್ಲ, ಅದೇ ಅಳು, ಅದೇ ಬಿಕ್ಕು. ನೀನಲ್ಲ ಎಂದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಾಗಬೇಕಲ್ಲ. ವಾಪಸು ಬಂದೆ. ಈಗ ಬಾಗಿಲ ಹಿಡಿಯ ಮೇಲೆ ಕೈಯಿಟ್ಟರೂ ಸಾಕು, ಮೇಲಿನಿಂದ ಬಿಕ್ಕಳಿಕೆ ಶುರುವಾಗುತ್ತದೆ. ಬೆರಿಲ್ ತಂದ ಹಾಲು ಬ್ರೆಡ್ಡನ್ನು ಕಿಂಡಿಯ ಕೊಕ್ಕೆ ಒತ್ತಿ, ಮುಚ್ಚಳ ಎತ್ತಿ, ಅದರಲ್ಲೇ ಒಳಗೆ ತೆಗೆದುಕೊಳ್ಳುತ್ತೇನೆ. "ಏನೇ ಇದು, ಸೆರೆಮನೆಯವಳ ಹಾಗೆ" ಎನ್ನುತ್ತಾಳೆ. ನನಗೆ ನೆಗಡಿ, ನಿನಗೂ ಅಂಟೀತು ಎಂದು ಅವಳಿಗೆ ಹೇಳಿದ್ದೇನೆ.

ಇದನ್ನೆಲ್ಲ ಹೇಳದೆ ಏನಾದರೊಂದು ನೆಪ ಹೇಳಿ ತಪ್ಪಿಸಬಹುದಿತ್ತು. ಆದರೆ ನಿನ್ನೆ ನಿನ್ನ ಕೋಣೆಗೆ ಹೋದೆ. ಮಗುವಿಗೆಂದು ನಾನು ಜೋಡಿಸಿಟ್ಟ ತೊಟ್ಟಿಲಿನಲ್ಲಿ, ಮಡಿಸಿಟ್ಟಿದ್ದ ಹಳದಿ ಹೊದಿಕೆಯನ್ನು ಬಿಚ್ಚಿ ಅಚ್ಚುಕಟ್ಟಾಗಿ ಹಾಸಿತ್ತು. ಒಂದು ಮೂಲೆಯನ್ನು ಮಗು ಮಲಗಿಸಲು ಅನುವಾಗುವಂತೆ ಹಿಂದಕ್ಕೆ ಮಡಚಿತ್ತು. ನೀನು ಆಗುವುದನ್ನು ಅದು ಕಲಿತಾಯಿತು. ಇನ್ನು ಅದಕ್ಕೆ ಬೇಕಾಗಿರುವುದು ಒಂದೇ. ಅದು ನಿನ್ನ ಹೊಟ್ಟೆಯಲ್ಲಿದೆ. ನೀನು ಈ ಹೊಸ್ತಿಲು ತುಳಿದರೆ ನಾನು ಇಬ್ಬರಲ್ಲಿ ಯಾರ ಕೈಗೆ ಮಗು ಕೊಡುತ್ತೇನೋ ನನಗೇ ನಂಬಿಕೆಯಿಲ್ಲ. ಅದರ ಮೇಲೆ ನನಗೆ ಅಷ್ಟು ಮಮತೆ ಬಂದುಬಿಟ್ಟಿದೆ, ಮಗಳೇ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ನನಗೆ ಆ ಮಮತೆಯದ್ದೇ.

ಅಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಂಡರೂ ಸರಿ, ಇನ್ನೂ ದೋಣಿಯ ಸಿಟ್ಟು ಸಾಧಿಸುತ್ತಿದ್ದಾಳೆ ಎಂದುಕೊಂಡರೂ ಸರಿ. ಲೀಡ್ಸ್‌ನಲ್ಲೇ ಹೆರಿಗೆ ಮಾಡಿಸಿಕೋ. ಬೆಚ್ಚಗಿರು. ಹೆತ್ತಮೇಲೆ ನಿನ್ನವನ ಕೈಲಿ ಒಂದು ಫೋಟೋ ಕಳಿಸು. ಅದಕ್ಕೆ ಹೋಗು ಎಂಬ ಆ ಮಾತು ಹೇಳುವ ಧೈರ್ಯ ಬಂದ ದಿನ, ಹೇಳಿದಮೇಲೆ ಮನೆ ಖಾಲಿಯಾದ ದಿನ, ನಾನೇ ಬರುತ್ತೇನೆ, ನಿನ್ನ ಬಾಗಿಲಿಗೆ.

ಎಂದೆಂದೂ ನಿನ್ನ,
ಅಮ್ಮ

ತಾಜಾ ಕಲಂ: ಕಾಗದವನ್ನು ಅಂಚೆಗೆ ಹಾಕಲೆಂದು ಬೆರಿಲ್‌ಗೆ ಕಿಂಡಿಯಲ್ಲಿ ಚಾಚಿದೆ. ತೆಗೆದುಕೊಳ್ಳಲು ಬಗ್ಗಿದವಳು ಒಳಗೆ ಇಣುಕಿ, "ಅಲ್ವೇ, ಮಗಳು ಆಗ್ಲೇ ಬಂದುಬಿಟ್ಲಾ? ಹೇಳೇ ಇಲ್ವಲ್ಲ! ನಿನ್ನ ಹಿಂದೇನೇ ನಿಂತಿದ್ದಾಳೆ. ಪಾಪ, ಹೊಟ್ಟೆ ಎಷ್ಟು ಕೆಳಗೆ ಇಳಿದಿದೆ, ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ" ಎಂದಳು. ನಾನು ಹಿಂತಿರುಗಿ ನೋಡಲಿಲ್ಲ. ಈ ನಾಲ್ಕು ಸಾಲು ಸೇರಿಸಬೇಕೆಂದು ಕಾಗದ ವಾಪಸು ಎಳೆದುಕೊಂಡೆ. ಹೇಜಲ್, ಪಾಪುವಿಗೆ ಆರಿಸಿದ ಆ ಹೆಸರನ್ನು ನನಗೆ ಹೇಳಬೇಡ. ಫೋನಿನಲ್ಲೂ ಬೇಡ, ಫೋಟೋದ ಹಿಂದೆ ಬರೆಯುವುದೂ ಬೇಡ. ನಾನು ಅಜ್ಜಿ ಕಣೇ. ಗೊತ್ತಾದರೆ ಒಂದಲ್ಲ ಒಂದು ದಿನ ಈ ಅಡುಗೆಮನೆಯಲ್ಲಿ ನಿಂತು ಬಾಯಿತುಂಬ ಕರೆದುಬಿಡುತ್ತೇನೆ.