ನೆರಳಿನ ಪರಾಗ

ಹೈದರಾಬಾದ್, ಮಂಗಳವಾರ

ವೈಜನಾಥ ಕಾಕಾ ಅವರಿಗೆ ಸ್ನೇಹಲಳ ನಮಸ್ಕಾರಗಳು.

ನಾರಾಯಣಪುರದಿಂದ ನೀವು ಕಳಿಸಿದ ಸೂರ್ಯಕಾಂತಿ ಪರಾಗದ ಪೊಟ್ಟಣ ಲ್ಯಾಬಿಗೆ ತಲುಪಿತು. ಪ್ರತಿ ವರ್ಷ ಸಂಗಮ್ಮ ಕಾಕು ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ನೀವು ತಪ್ಪಿಸಲಿಲ್ಲ.

ಬಿಸಿಲಿನಲ್ಲಿ ನೇರಳಾತೀತ ಕಿರಣ ಹೆಚ್ಚಾದಷ್ಟೂ ಪರಾಗ ತನ್ನ ಸಿಪ್ಪೆಯಲ್ಲಿ ರಕ್ಷಣೆಯ ರಾಸಾಯನಿಕವನ್ನು ಹೆಚ್ಚಿಸಿಕೊಳ್ಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಜೀವಸಂಕುಲ ಅಳಿದಾಗ ಆ ಕಿರಣ ಎಷ್ಟಿತ್ತೆಂದು ಕಲ್ಲಿನೊಳಗೆ ಉಳಿದ ಪರಾಗವೇ ಹೇಳುತ್ತದೆ. ಅದನ್ನು ಓದಲು, ಹೋಲಿಸಿ ನೋಡಲು, ನನಗೆ ಇಂದಿನ ಬಯಲು ಬಿಸಿಲಲ್ಲಿ ಅರಳಿದ ನಿಮ್ಮ ಹೊಲದ ಹೂವು ಬೇಕು.

ಪೊಟ್ಟಣದ ಮೇಲೆ ‘ಹೊಲದ ಹೂವು’ ಎಂದು ಬರೆದಿದ್ದೀರಿ. ಆದರೆ ಈ ಪರಾಗ ಬಿಸಿಲನ್ನೇ ಕಂಡಿಲ್ಲ, ಕಾಕಾ. ಮೂರು ಸಲ ಪರೀಕ್ಷಿಸಿದೆ. ಇದು ಹಿತ್ತಲಿನ ಬೇವಿನ ನೆರಳಲ್ಲಿರುವ ಗಿಡದ್ದು, ಅಲ್ಲವೇ? ಹೊಲಕ್ಕೆ ಹೋಗುವುದನ್ನು ಯಾವಾಗ ಬಿಟ್ಟಿರಿ?

ಬೈಯಲು ಬರೆಯುತ್ತಿಲ್ಲ. ಅವ್ವ ತೀರಿಕೊಂಡ ವರ್ಷ ನಾನೂ ಕೋಣೆಯ ಕಿಟಕಿ ತೆರೆದಿರಲಿಲ್ಲ. ಆಗ ಕಾಕು ಫೋನಿನಲ್ಲಿ ಹೇಳಿದ್ದರು: “ಹೊರಗ ಬಂದು ನಿಂದ್ರು ತಂಗಿ. ಬಿಸಿಲು ಒಳಗ ಹುಡುಕ್ಕೊಂಡು ಬರಂಗಿಲ್ಲ.”

ಭಾನುವಾರ ಹುಮನಾಬಾದಿನಲ್ಲಿ ಇಳಿದು ಬಸವಕಲ್ಯಾಣದ ಬಸ್ಸು ಹಿಡಿದು ನಾರಾಯಣಪುರಕ್ಕೆ ಬರುತ್ತೇನೆ. ಪರಾಗ ನಾನೇ ಉದುರಿಸುತ್ತೇನೆ. ಕೆಳಗೆ ಕಾಗದ ಹಿಡಿಯಲು ಒಬ್ಬರು ಬೇಕು. ಹೊಲದ ಬದುವಿನ ಮೇಲೆ ಬಂದು ನಿಂತಿರಿ.

ನಿಮ್ಮ
ಸ್ನೇಹಲ