ಕೂಗುವ ಕಾರು ಕೊಂಡಿದ್ದೇನೆ, ಅಣ್ಣ

ನನ್ನ ಜೊತೆ ಜಗಳಕ್ಕೆ ಸದಾ ತಯಾರಿರುತ್ತಿದ್ದ ಕುಮಾರಣ್ಣನಿಗೆ,

ನೀನಿದ್ದಿದ್ದರೆ ಈ ಕಾಗದದ ಕೆಲಸವೇ ಇರಲಿಲ್ಲ, ಫೋನಿನಲ್ಲೇ ಕಿತ್ತಾಡಿ ಮುಗಿಸುತ್ತಿದ್ದೆವು. ನೀನು ಹೋಗಿ ಮೂರು ವರ್ಷವಾದ ಮೇಲೆ ನಾನೊಂದು ಹೊಸ ಕಾರು ಕೊಂಡಿದ್ದೇನೆ. ಅದರ ಬಗ್ಗೆ ಹೇಳಬೇಕಾದ ಮಾತು ಹೊಟ್ಟೆಯಲ್ಲಿ ತುಂಬಿಕೊಂಡು ಬೆಳಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಈಗ ಮೈಸೂರಿನಲ್ಲಿ ಒಂದು ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ ಒಳಗೇ ಕೂತು ಬರೆಯುತ್ತಿದ್ದೇನೆ. ಇಲ್ಲಿಗೆ ಯಾಕೆ ಬಂದೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ಕೇಳುವ ಆಸಾಮಿಯೇ ನೀನು?

ಹಾರನಹಳ್ಳಿ ಆಚೆಯ ಬಯಲಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದು ನೆನಪಿದೆಯಾ? ನಾನು ಗಾಬರಿಯಲ್ಲಿ ಗೇರಿನ ಕಡೆಗೇ ನೋಡುತ್ತಿದ್ದೆ. ನೀನು ರೇಡಿಯೋ ಆರಿಸಿ ಹೇಳಿದೆ, "ಗೇರ್ನ ಏನ್ ನೋಡೀಯೆ ಮಂಗ್ಳಿ? ಅದೇನು ಓಡೋಯ್ತದಾ? ಕಿವಿ ಕೊಡು. ಇಂಜಿನ್ ಹೇಳ್ತದೆ, ಯಾವಾಗ ಹಾಕ್ಬೇಕು ಅಂತ." ಪಿರಿಯಾಪಟ್ಟಣದ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವನು ನೀನು. ಮದುವೆ ದಿಬ್ಬಣಕ್ಕೂ ನೀನೇ, ಹೆರಿಗೆ ನೋವು ಬಂದವರಿಗೂ ನೀನೇ. ಕಾರಿಗೆ ಚಕ್ರ, ಬ್ರೇಕು, ಹಾರನ್ನು ಇದ್ದರೆ ಸಾಕು, ಮಿಕ್ಕಿದ್ದೆಲ್ಲ ಮದುಮಗಳ ಬಾಡಿಗೆ ಒಡವೆ ಅನ್ನುತ್ತಿದ್ದೆ. ಮುಕ್ಕಾಲು ಪಾಲು ನಾನೂ ಒಪ್ಪುತ್ತೇನೆ. ಆ ಉಳಿದ ಕಾಲು ಪಾಲಿದೆಯಲ್ಲ, ಅದರ ಬಗ್ಗೆಯೇ ನಮ್ಮ ಜಗಳ.

ಮೊದಲು ಒಪ್ಪುವ ಮಾತು ಹೇಳಿಬಿಡುತ್ತೇನೆ. ಷೋರೂಮಿಗೆ ಹೋದ ದಿನ ಅಲ್ಲಿನ ಮಾರಾಟದವನು ಮೊದಲು ತೋರಿಸಿದ್ದು ಕಾರಿನ ನೆತ್ತಿ. ಗುಂಡಿ ಒತ್ತಿದ, ನೆತ್ತಿ ಬಾಯಿ ಬಿಟ್ಟಿತು. "ಆಕಾಶ ಕಾಣುತ್ತೆ ಮೇಡಂ" ಅಂದ. ನಮ್ಮ ಊರಿನಲ್ಲಿ ಆಕಾಶ ನೋಡಲು ದುಡ್ಡು ಕೊಡಬೇಕೇ? ಅಪ್ಪ ಹಿತ್ತಿಲ ಕೋಣೆಗೆ ಗಾಜಿನ ಹೆಂಚು ಹಾಕಿಸಿ ಪ್ರತಿ ಮಳೆಗಾಲವೂ ಅದರ ಕೆಳಗೆ ಬಿಂದಿಗೆ ಇಡುತ್ತಿದ್ದುದು ಮರೆತುಹೋಗಿದೆಯೇ? ಈಗ ಹುಣಸೂರಿನ ಪೇಟೆಯಲ್ಲಿ ಮಕ್ಕಳು ಆ ಕಿಂಡಿಯಿಂದ ಎದೆಮಟ್ಟ ಹೊರಗೆ ಬಂದು ಕೈ ಬೀಸುತ್ತವೆ, ಕೆಳಗೆ ಅಪ್ಪ ಅಮ್ಮ ಹಲ್ಲು ಕಿರಿಯುತ್ತಿರುತ್ತಾರೆ. ಒಂದು ವಯರು, ಒಂದು ಕೊಂಬೆ, ಒಂದು ಜೋರು ಬ್ರೇಕು ಸಾಕು... ನನಗೆ ಆ ತಂದೆ ತಾಯಿಯ ಕಿವಿ ಹಿಂಡಬೇಕು ಅನ್ನಿಸುತ್ತದೆ. ಇನ್ನು ಆ ಬಿಳೀ ಹೆಡ್‌ಲೈಟು. ಎದುರಿನವನ ಕಣ್ಣು ಕುರುಡು ಮಾಡಿ ತಾನೊಬ್ಬನೇ ದಾರಿ ನೋಡುವುದು ಯಾವ ನ್ಯಾಯ?

ಎಲ್ಲಕ್ಕಿಂತ ನನ್ನ ಪಿತ್ತ ನೆತ್ತಿಗೇರುವುದು ಆ ಟಚ್ ಸ್ಕ್ರೀನು ನೋಡಿದಾಗ. ನಾನು ಟೈಲರು. ನನ್ನ ಮಿಷಿನ್ನಿನ ಗಾಲಿ ಎಲ್ಲಿದೆ, ಬಾಬಿನ್ನು ಎಲ್ಲಿದೆ ಅಂತ ಬಗ್ಗಿ ನೋಡುವುದಿಲ್ಲ, ಬೆರಳಿಗೇ ಗೊತ್ತು. ಕಣ್ಣಿರಬೇಕಾದ್ದು ಸೂಜಿಯ ಮೇಲೆ. ಈ ಕಾರಿನವರು ಬೆರಳಿಗೆ ಗೊತ್ತಿರಬೇಕಾದ್ದನ್ನೆಲ್ಲ ಕಣ್ಣಿಗೆ ವಹಿಸಿಬಿಟ್ಟಿದ್ದಾರೆ. ಏಸಿ ತುಸು ಕಡಿಮೆ ಮಾಡಬೇಕೆಂದರೆ ಗಾಜು ಸವರು, ಚಿತ್ರ ಹುಡುಕು, ಮತ್ತೆ ಸವರು. ಅಷ್ಟು ಹೊತ್ತು ರಸ್ತೆಯನ್ನು ಯಾರು ನೋಡಬೇಕು? ತಿರುವುವ ಗುಂಡಿ ಏನು ಪಾಪ ಮಾಡಿತ್ತು?

ಅಷ್ಟೆಲ್ಲ ಬೈಯುತ್ತ ಆ ಕಾರನ್ನೇ ಯಾಕೆ ಕೊಂಡೆ ಅನ್ನುತ್ತೀಯ. ಕೇಳು. ಓಡಿಸಿ ನೋಡಲು ಕೂತೆ, ಬೆಲ್ಟು ಹಾಕುವ ಮೊದಲೇ ಗಾಡಿ ಕುಂಯ್ ಕುಂಯ್ ಅನ್ನತೊಡಗಿತು. ಬೇಕೆಂದೇ ಹಾಗೆಯೇ ಮುಂದೆ ಹೋದೆ. ಕೂಗು ಏರಿತು. ಇನ್ನೂ ಮುಂದೆ ಹೋದೆ. ಕಿವಿ ತಮಟೆ ಹರಿಯುವಂತೆ ಬಡಿದುಕೊಂಡಿತು. ಮಾರಾಟದವನು ನನಗೆ ಕಿರಿಕಿರಿಯಾಯಿತು ಅಂದುಕೊಂಡು ಮೆಲ್ಲಗೆ ಹೇಳಿದ, "ಮೇಡಂ, ಈ ಸೌಂಡ್ ಬೇಡ ಅಂದ್ರೆ ಹೊರಗಡೆ ಒಂದು ಕ್ಲಿಪ್ ಸಿಗುತ್ತೆ. ಸಿಗಿಸಿಬಿಟ್ರೆ ಸೈಲೆಂಟು." ನನಗೆ ಮೈಯೆಲ್ಲ ಉರಿದುಹೋಯಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ, "ಇನ್ನೊಬ್ಬರ ಹತ್ರ ಈ ಮಾತು ಆಡಿದ್ರೆ ನೋಡು" ಅಂದೆ. ಅವನು ಬೆಪ್ಪಾಗಿ ಕೂತ. ನೀನು ಬೆಪ್ಪಾಗಬೇಡ, ನಿನಗೆ ಗೊತ್ತಿದೆ.

ಮೈಸೂರಿನ ಬಿಡಿಭಾಗದ ಅಂಗಡಿಯಿಂದ ನೀನು ಅಂಥದೇ ಕ್ಲಿಪ್ಪು ತಂದ ದಿನ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಬೆಲ್ಟಿನ ತುದಿಯಲ್ಲಿರುತ್ತದಲ್ಲ, ಅಂಥದೇ ಬರೀ ಕಬ್ಬಿಣದ ನಾಲಿಗೆ. ಬೆಲ್ಟಿಲ್ಲ, ನಾಲಿಗೆ ಮಾತ್ರ. ಬೆಲ್ಟು ಸಿಗಿಸುವ ಕಿಂಡಿಗೆ ಅದನ್ನು ಟಕ್ ಅಂತ ಸಿಗಿಸಿ, ಮೀಸೆ ತೀಡಿ ಹೇಳಿದೆ, "ಕಟ್ಟಾಕಕೆ ನಾನೇನು ದನವೇ ಮಂಗ್ಳಿ? ನೋಡು, ಇದ್ರ ಬಾಯಿಗೆ ಬೀಗ ಜಡ್ದೆ." ನಾನು ರೇಗಿದೆ. ನೀನು ನಕ್ಕೆ. ಆಮೇಲೊಂದು ದಿನ, ನಾನಿಲ್ಲದ ಒಂದು ಬಾಡಿಗೆಯಲ್ಲಿ, ಕಂಪಲಾಪುರ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ನೀನು ಎಮ್ಮೆಯನ್ನು ಉಳಿಸಿದೆ, ಮರಕ್ಕೆ ಗುದ್ದಿದೆ. ಹಿಂದೆ ಕೂತಿದ್ದ ಗಂಡ ಹೆಂಡತಿ ತರಚು ಗಾಯದಲ್ಲಿ ಬಸ್ಸು ಹತ್ತಿ ಊರಿಗೆ ಹೋದರು. ನೀನು... ಬೆಲ್ಟು ಹಾಕಿದ್ದಿದ್ದರೆ ಎದ್ದು ಬರುತ್ತಿದ್ದರು ಎಂದು ಡಾಕ್ಟರು ಹೇಳಿದ್ದು ನನ್ನೊಬ್ಬಳಿಗೆ. ನಿನ್ನ ಸಾಮಾನು ತರಲು ಗ್ಯಾರೇಜಿಗೆ ಹೋದವಳೂ ನಾನೇ. ಟವೆಲ್ಲು, ಮಾದಪ್ಪನ ಫೋಟೊ, ಮತ್ತೆ ಅದು. ಗಾಡಿ ಅಷ್ಟು ನಜ್ಜುಗುಜ್ಜಾಗಿದ್ದರೂ ಅದು ಮಾತ್ರ ಅಲ್ಲಾಡದೆ ಕೂತಿತ್ತು. ಕಿತ್ತು ತಂದು ನನ್ನ ಗುಂಡಿ ಡಬ್ಬಿಯಲ್ಲಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಸತ್ತವನ ಮೇಲೆ ಯಾಕೆ ತಪ್ಪು ಹೊರಿಸಲಿ ಅಂತ.

ಅವ್ವ ತಪ್ಪನ್ನೆಲ್ಲ ಕಾರಿನ ಮೇಲೆ ಹೊರಿಸಿದಳು. ನಿನ್ನ ತಿಥಿಯ ದಿನ ಬೀದಿಗೆ ಬಂದು ಹಿಡಿ ಮಣ್ಣು ತೂರಿ, "ನನ್ ಮಗನ್ನ ನುಂಗ್ದ ಗಾಡಿ ಮಣ್ಣಾಗೋಗ" ಎಂದು ಶಾಪ ಹಾಕಿದಳು. ಅವತ್ತಿನಿಂದ ಯಾವ ಕಾರನ್ನೂ ಹತ್ತಿರಲಿಲ್ಲ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಕಾಲು. ಇತ್ತ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದ ಮೇಲೆ ಬಸ್ಸಿನ ಧೂಳು, ನೂಕುನುಗ್ಗಲು ಆಗದು, ಕಾರಿನಲ್ಲಿ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅವ್ವ, "ಹಂಗಾರೆ ಕಣ್ಣೇ ಬ್ಯಾಡ ಬುಡು" ಅಂದಳು. ಒಲೆಯ ಮೇಲಿನ ಸಾರು ಕುದಿಯುವುದು ಕಾಣದೆ ಕೈ ಸುಟ್ಟುಕೊಂಡಳು, ಆದರೂ ಅದೇ ಹಟ. ನಿಜ ಹೇಳಿದರೆ ನಿನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಅವ್ವನ ಕಣ್ಣು ಹೋಗುತ್ತದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಜೋಕು ಹೊಡೆದು ಜಾರಿಕೊಳ್ಳುತ್ತಿದ್ದೆ.

ಮೊನ್ನೆ ಹೊಸ ಕಾರಿನಲ್ಲಿ ಅವ್ವನ ಊರಿಗೆ ಹೊರಟಾಗಲೂ ಇದೇ ಗುಂಗು. ಹೊಗೆಸೊಪ್ಪು ಮುಗಿದ ಮೇಲೆ ಹಾಕಿದ್ದ ಹುರುಳಿ ಕಿತ್ತಾಗಿದೆ ಈಗ. ದಾರಿಯುದ್ದಕ್ಕೂ ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದಾರೆ, ಹೋಗಿ ಬರುವ ಗಾಡಿ ಚಕ್ರವೇ ಒಕ್ಕಣೆ ಮಾಡಬೇಕು. ಅವ್ವನೂ ಮನೆ ಮುಂದೆ ಹರಡಿದ್ದಳು. ತಮಾಷೆ ನೋಡು, ಕಾರು ಬೇಡ, ಕಾರಿನ ಚಕ್ರ ಬೇಕು! ಬಿಸಿಲಿತ್ತು, ಏಸಿಯ ಗಾಳಿ ಮೂಗಿಗೆ ರಾಚುತ್ತಿತ್ತು. ಕಡಿಮೆ ಮಾಡೋಣ ಅಂತ ಆ ಹಾಳು ಗಾಜಿನ ಮೇಲೆ ಬೆರಳಿಟ್ಟೆ, ಚಿತ್ರ ಹುಡುಕಿದೆ. ಅಷ್ಟರಲ್ಲಿ ಗಾಡಿ ಕಿಟಾರನೆ ಕಿರುಚಿ ತನ್ನಷ್ಟಕ್ಕೆ ತಾನೇ ಬ್ರೇಕ್ ಹಾಕಿತು. ಬೆಲ್ಟು ನನ್ನ ಎದೆಯನ್ನು ಹಿಡಿದು ಹಿಂದಕ್ಕೆಳೆಯಿತು. ತಲೆಯೆತ್ತಿ ನೋಡಿದರೆ ಎದುರಿಗೆ ಅವ್ವ. ಬೆನ್ನು ತೋರಿಸಿಕೊಂಡು, ಬಗ್ಗಿ, ಕೋಲಿನಲ್ಲಿ ಹುರುಳಿ ಗಿಡ ಮಗುಚುತ್ತಿದ್ದಾಳೆ. ಬಾನೆಟ್ಟಿಗೂ ಅವಳ ಸೀರೆಗೂ ನಡುವೆ ಒಂದು ಮೊರ ಇಡುವಷ್ಟು ಜಾಗ.

ನಾನು ಸ್ಟೀರಿಂಗ್ ಹಿಡಿದುಕೊಂಡು ಒಳಗೇ ಕೂತಿದ್ದೆ. ಅವ್ವ ಹಣೆಗೆ ಕೈಯಿಟ್ಟು ಮಸುಕು ಕಣ್ಣಿನಲ್ಲಿ ನೋಡಿ, "ಯಾರಪ್ಪ ಅದು? ಬಂದಂಗೇ ನಿಂತ್ಕಬುಟ್ಟೆ? ಹತ್ತಿಸ್ಕಂಡು ಹೋಗು, ಉಳ್ಳಿ ಒಕ್ಕಣೆ ಆಗ್ಲಿ" ಅಂದಳು.

"ಅವ್ವಾ, ನಾನು ಕಣವ್ವ, ಮಂಗ್ಳ."

"ನೀನಾ? ಯಾಕ್ ನಿಲ್ಸ್ದೆ ಮತ್ತೆ?"

"ನಾನು ನಿಲ್ಲಿಸ್ನಿಲ್ಲ. ನಿನ್ನ ನೋಡ್ಲೇ ಇಲ್ಲ ನಾನು. ಗಾಡಿಯೇ ನೋಡ್ತು, ಗಾಡಿಯೇ ನಿಂತ್ಕತು."

ಅವ್ವ ಕೋಲು ಕೆಳಗಿಟ್ಟಳು. ಆಮೇಲೆ ಹತ್ತಿರ ಬಂದು, ಎತ್ತಿನ ಹಣೆ ಸವರುವ ಹಾಗೆ ಬಾನೆಟ್ಟಿನ ಮೇಲೆ ಕೈಯಿಟ್ಟಳು. "ಅದುಕ್ಕೆ ಕಣ್ಣದಾ?"

"ಅದೆ ಕಣವ್ವ. ಮುಂದ್ಗಡೆ ಕ್ಯಾಮೆರಾ ಅದೆ, ಅಡ್ಡ ಯಾರಾರ ಕಂಡ್ರೆ ತಾನೇ ನಿಂತ್ಕತದೆ."

"ಹಂಗಾರೆ ಕುಮಾರನ ಗಾಡಿಗೆ ಮಾತ್ರ ಯಾಕವ್ವ ಕಣ್ಣಿರ್ನಿಲ್ಲ?"

ಇಷ್ಟು ದಿನ ನುಂಗಿಕೊಂಡಿದ್ದು ಹೊರಗೆ ಬಂದುಬಿಟ್ಟಿತು. "ಕಣ್ಣಿರ್ನಿಲ್ಲ ಕಣವ್ವ, ಬಾಯಿತ್ತು. ಬೆಲ್ಟು ಹಾಕ್ಕೋ, ಬೆಲ್ಟು ಹಾಕ್ಕೋ ಅಂತ ಬಡ್ಕತಿತ್ತು. ಅಣ್ಣನೇ ಅದರ ಬಾಯಿ ಮುಚ್ಚಿದ್ದ" ಅಂದೆ. ಕ್ಲಿಪ್ಪಿನ ವಿಷಯ, ಡಾಕ್ಟರು ಹೇಳಿದ ಮಾತು, ಎಲ್ಲ ಹೇಳಿದೆ. ಅತ್ತುಕೊಂಡೇ ಹೇಳಿದೆ. ಅವ್ವ ಅಳಲಿಲ್ಲ. ಹುರುಳಿ ಗಿಡದ ಮೇಲೇ ಕುಕ್ಕರಿಸಿ ಕೂತಳು. "ಹಾಳಾದೋನು. ಬಡ್ಕಳೋರ ಬಾಯಿ ಮುಚ್ಸದು ಚಿಕ್ಕಂದಿಂದ್ಲೂ ಅವುನ್ಗೆ ರೂಢಿ. ನಾನೂ ಎಷ್ಟು ಬಡ್ಕಂಡಿವ್ನಿ, ಮೆಲ್ಲುಕೆ ಓಡ್ಸು ಮಗಾ, ಒಂದು ತುತ್ತು ಉಂಡೋಗು ಮಗಾ ಅಂತ..." ಎಂದವಳು ಬಾನೆಟ್ಟಿನ ಕಡೆ ತಿರುಗಿ, "ಇಷ್ಟು ವರ್ಸ ಬರೀ ಕಬ್ಬಿಣದ ಮೇಲೆ ಮಣ್ಣು ತೂರ್ಬುಟ್ನಲ್ಲವ್ವ" ಅಂದಳು. ನಾನೂ ಅವಳ ಪಕ್ಕ ಕೂತೆ. ಹಿಂದೆ ಬಂದ ಟ್ರ್ಯಾಕ್ಟರಿನವನು ಹಾರನ್ ಹೊಡೆದ, ನಾವು ಏಳಲಿಲ್ಲ. ಅವನೇ ಪಕ್ಕದಲ್ಲಿ ಇಳಿಸಿಕೊಂಡು ಹೋದ.

ನಿನಗೆ ಸಿಟ್ಟು ಬಂದಿರಬಹುದು. ಬರಲಿ. ನನಗಿರುವ ಸಿಟ್ಟಿನ ಮುಂದೆ ಅದು ಯಾವ ಲೆಕ್ಕ? ಒಂದು ಪಟ್ಟಿ ಎಳೆದುಕೊಳ್ಳುವುದಕ್ಕೆ ನಿನಗೇನು ಧಾಡಿಯಾಗಿತ್ತು ಅಂತ ಮಿಷಿನ್ ತುಳಿಯುವಾಗಲೂ ಕೇಳುತ್ತೇನೆ, ದಾರಿಯಲ್ಲಿ ಎಮ್ಮೆ ಕಂಡಾಗಲೂ ಕೇಳುತ್ತೇನೆ. ಕಾರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಈಗ ಇಷ್ಟೇ. ನಮ್ಮ ಕಣ್ಣನ್ನು ರಸ್ತೆಯಿಂದ ಕೀಳುವುದೆಲ್ಲ ದಂಡ, ಅದನ್ನು ಮಾಡಿದವರ ಕೈಗೆ ಕಜ್ಜಿ ಹತ್ತಲಿ. ನಮ್ಮನ್ನು ಬೈದು ಎಚ್ಚರಿಸುವುದು ಮಾತ್ರ ಇರಲಿ. ಎಷ್ಟು ಕೂಗುತ್ತದೋ ಕೂಗಲಿ, ಮನೆಯಲ್ಲಿ ಅವ್ವ ಕೂಗುವುದಿಲ್ಲವೇ?

ಇನ್ನು ಇಲ್ಲಿಗೆ ಬಂದ ವಿಷಯ. ಇವತ್ತು ಬೆಳಗ್ಗೆ ನಾನು ಕರೆಯುವ ಮೊದಲೇ ಅವ್ವ ಸೀರೆ ಬದಲಾಯಿಸಿ, ಕೈಚೀಲ ಹಿಡಿದು, ಕಾರಿನ ಹತ್ತಿರ ನಿಂತಿದ್ದಳು. "ಬಾಗ್ಲು ಎಲ್ಲವ್ವ ಇದುಕ್ಕೆ?" ಅಂದಳು. ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಹೊಸ ಹುರುಳಿಯನ್ನು ಒಂದು ಮೂಟೆ ಕಟ್ಟಿದ್ದಳು, ನನ್ನ ಮನೆಗೆ. ಡಿಕ್ಕಿಯಲ್ಲಿ ಬಟ್ಟೆಯ ಗಂಟುಗಳಿದ್ದವು, ಹಾಗಾಗಿ ಮೂಟೆಯನ್ನು ಮುಂದೆ, ನನ್ನ ಪಕ್ಕದ ಸೀಟಿನಲ್ಲಿಟ್ಟೆ. ಹೊರಟು ಊರ ಬಾಗಿಲು ದಾಟಿಲ್ಲ, ಗಾಡಿ ಕೂಗತೊಡಗಿತು. ಅವ್ವ ಬೆಚ್ಚಿಬಿದ್ದಳು.

"ಯಾಕವ್ವ ಬಡ್ಕತದೆ? ನಾವಿಬ್ರೂ ಕಟ್ಕಂಡಿವಲ್ಲ?"

"ಮುಂದಿರೋ ಮೂಟೆನ ಮನುಷ್ಯ ಅನ್ಕಂಡದೆ ಕಣವ್ವ. ಯಾರೋ ಬೆಲ್ಟು ಹಾಕದೆ ಕೂತವ್ರೆ ಅಂತ ಅದ್ಕೆ ಭಯ. ಇರು, ಕೆಳಗೆ ಇಡ್ತೀನಿ."

"ಬ್ಯಾಡ" ಅಂದಳು ಅವ್ವ. ಕನ್ನಡಿಯಲ್ಲಿ ನೋಡಿದೆ. ಕಾಣದ ಆ ಕಣ್ಣು ಮುಂದಿನ ಸೀಟಿನ ಮೇಲೇ ನೆಟ್ಟಿತ್ತು. "ಅಲ್ಲೇ ಇರ್ಲಿ. ಕಟ್ಟು ಮಗಾ ಅದುಕ್ಕೂ. ಒಬ್ಬುನ್ನ ಕಟ್ದೆ ಕಳ್ಸಿದ್ದು ಸಾಕು."

ಈಗ ಅವ್ವ ಕಣ್ಣಿನ ಆಸ್ಪತ್ರೆಯ ಒಳಗಿದ್ದಾಳೆ, ಆಪರೇಷನ್ನಿಗೆ. ಮೊದಲು ಬಲಗಣ್ಣು ಅಂತೆ. ಕರೆಯುವವರೆಗೆ ಹೊರಗಿರಿ ಅಂದರು, ಎರಡು ಸಲ ಹೋಗಿ ಕೇಳಿ ನರ್ಸಮ್ಮನ ಹತ್ತಿರ ಬೈಸಿಕೊಂಡು ಬಂದೆ. ಮನೆಗೂ ಇದರಲ್ಲೇ ಕರೆದುಕೊಂಡು ಹೋಗುತ್ತೇನೆ, ಮೆಲ್ಲಗೆ, ಆ ಗಾಜನ್ನು ಮುಟ್ಟದೆ. ಕಟ್ಟು ಬಿಚ್ಚಿದ ದಿನ ನಿನಗಿಷ್ಟವಾದ ಹುರುಳಿ ಬಸ್ಸಾರು ಮಾಡಿಸುತ್ತೇನೆ. ಬೇಕಾದರೆ ಬಂದು ಜಗಳವಾಡು. ಮೂಟೆ ನನ್ನ ಪಕ್ಕದ ಸೀಟಿನಲ್ಲೇ ಇದೆ ಅಣ್ಣ. ಗಾಡಿ ನಿಲ್ಲಿಸಿ ಆಗಲೇ ಎಷ್ಟೋ ಹೊತ್ತಾಯಿತು, ಅದರ ಬೆಲ್ಟು ಬಿಚ್ಚಲು ನನಗೆ ಕೈ ಬರುತ್ತಿಲ್ಲ.

ಇನ್ನೂ ರೇಗುತ್ತಲೇ ಇರುವ ನಿನ್ನ
ಮಂಗ್ಳಿ