ಕಿಟಕಿ ಪರದೆಯ ಸ್ಪ್ರಿಂಗು

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಎರಡು ಬಸ್ಸು ಬದಲಿಸಿ ಆಸ್ಪತ್ರೆ ಡ್ಯೂಟಿಗೆ ಹೋಗುವವಳಿಗೆ ರೆಸ್ಟ್ ತಗೋ ಅಂದರೆ ನನಗೇ ಬೈಯುತ್ತೀಯ. ಕಾರು ತಂದು ವರ್ಷವಾದರೂ ನೀನು ಸ್ಟೀರಿಂಗ್ ಮುಟ್ಟಿಲ್ಲ ಎಂದು ಭಾವ ಫೋನಿನಲ್ಲಿ ಬೇಜಾರು ಮಾಡಿಕೊಂಡರು. ಅಮ್ಮ ಚೆನ್ನಾಗಿದ್ದಾಳೆ. ನಾನು ಮೂರನೇ ಕೆಲಸವನ್ನೂ ಬಿಟ್ಟೆ. ಅದರ ಬಗ್ಗೆ ಅವಳೇ ಸಾಕಷ್ಟು ಹೇಳಿದ್ದಾಳೆ, ನೀನು ಬೇರೆ ಶುರು ಮಾಡಬೇಡ.

ಅಪ್ಪನ ಹಳೇ ಕಾರನ್ನು ಎಬ್ಬಿಸುತ್ತಿದ್ದೇವೆ. ನೀನು ಕಾಂಪೌಂಡಿಗೆ ಗುದ್ದಿದ ಮೇಲೆ ಹನ್ನೊಂದು ವರ್ಷ ಟಾರ್ಪಾಲಿನ ಕೆಳಗೆ ಮಲಗಿತ್ತಲ್ಲ, ಅದೇ. ಗ್ಯಾರೇಜಿನ ಮೇಸ್ತ್ರಿ ಜೊತೆ ನಾನೂ ಒಂದು ತಿಂಗಳಿಂದ ಅದರ ಹೊಟ್ಟೆಯೊಳಗೇ ಇದ್ದೇನೆ. ಇಂಜಿನ್ ಸ್ಟಾರ್ಟ್ ಆಯಿತು. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಕಾಲು ತೆಗೆದರೂ ಅದರ ಕೂಗು ಇಳಿಯಲಿಲ್ಲ. ಕಸ ಕೂತಿರಬೇಕು ಎಂದು ಇಂಜಿನ್ನಿಗೆ ಪೆಟ್ರೋಲ್ ಬಿಡುವ ಕಾರ್ಬ್ಯುರೇಟರ್ ಬಿಚ್ಚಿ ಎರಡು ಸಲ ತೊಳೆದೆ. ಮತ್ತೆ ಅದೇ ರಾಗ. "ಅದಕ್ಕೆ ಯಾಕೋ ದಿನಾ ಸ್ನಾನ ಮಾಡಿಸ್ತೀಯಾ? ಅದನ್ನ ಎಳೀತಿರೋದು ಯಾರು ನೋಡು" ಎಂದರು ಮೇಸ್ತ್ರಿ. ಪೆಡಲಿನಿಂದ ಬರುವ ಕಂಬಿಯನ್ನು ಕಳಚಿ, ಕಾರ್ಬ್ಯುರೇಟರಿನ ಪುಟ್ಟ ಲಿವರನ್ನು ಬೆರಳಲ್ಲಿ ಎತ್ತಿ ಬಿಟ್ಟೆ. ಟಕ್ ಅಂತ ಮುಚ್ಚಿಕೊಂಡಿತು. ಅಂದರೆ ಪಾಪ, ಅದರದ್ದೇನೂ ತಪ್ಪಿಲ್ಲ. ಕಂಬಿ ಹಿಡಿದು ಹಿಂದೆ ಹಿಂದೆ ಬಂದೆವು. ಮಧ್ಯದ ಕೀಲಿನಲ್ಲಿ ಗ್ರೀಸು ಒಣಗಿ ಅಂಟಾಗಿತ್ತು. ಪೆಡಲನ್ನು ವಾಪಸ್ ಎಳೆಯುವ ದಪ್ಪ ಸ್ಪ್ರಿಂಗ್ ಇರಬೇಕಾದ ಕಡೆ ಒಂದು ಸಣಕಲು ಸ್ಪ್ರಿಂಗ್ ಜೋತಾಡುತ್ತಿತ್ತು. ಮೇಸ್ತ್ರಿ ಎಳೆದು ನೋಡಿ ನಕ್ಕುಬಿಟ್ಟರು. "ಇದು ಕಿಟಕಿ ಪರದೆದು ಕಣಯ್ಯಾ! ಯಾವ ಪುಣ್ಯಾತ್ಮ ಇಲ್ಲಿ ಸಿಕ್ಕಿಸಿದ?"

ಅಪ್ಪ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಯಾರೇ ಮನೆಗೆ ಬಂದರೂ "ನಮ್ಮ ಹುಡುಗಿ ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದೋಳು" ಎಂದು ನಿನ್ನ ಕಥೆ ಹೇಳಿ ನಗಿಸುತ್ತಾರಲ್ಲ, ಅದೇ ಅಪ್ಪ. "ಕಾಲು ತೆಗ್ದಿದ್ದೆ ಅಪ್ಪಾ, ಅದೇ ಓಡ್ತು" ಅಂತ ನೀನು ಅತ್ತಿದ್ದನ್ನು ಅವತ್ತು ಯಾರೂ ನಂಬಲಿಲ್ಲ. ಇವತ್ತು ಅವರು ಕಂಬಿ ಮತ್ತೆ ಸಿಕ್ಕಿಸಲು ಹೇಳಿ, ತಾವೇ ಸೀಟಿನಲ್ಲಿ ಕೂತು ಒತ್ತಿ ಬಿಟ್ಟರು. ಇಂಜಿನ್ ಕೂಗುತ್ತಲೇ ಇತ್ತು. ಇನ್ನೊಮ್ಮೆ ಒತ್ತಿ ಬಿಟ್ಟರು. ಕೀ ತಿರುಗಿಸಿ ಆಫ್ ಮಾಡಿ, "ಹಾಗಾದ್ರೆ ಅವಳು ಕಾಲು ತೆಗ್ದಿದ್ಲು" ಎಂದರು. ಅಷ್ಟೇ. ಊಟಕ್ಕೂ ಏಳಲಿಲ್ಲ.

ಸರಿಯಾದ ಸ್ಪ್ರಿಂಗ್ ನಾಳೆ ಬರುತ್ತದೆ. ಭಾವನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು.

ನಿನ್ನ ತಮ್ಮ

ತಾ.ಕ.: ಆ ಪರದೆ ಸ್ಪ್ರಿಂಗ್ ಸಿಕ್ಕಿಸಿದವನು ನಾನೇ ಅಕ್ಕಾ. ಪೆಡಲ್ ಕಲ್ಲಿನ ಹಾಗಿದೆ, ಕಾಲು ನೋಯುತ್ತೆ ಎಂದು ನೀನು ಗೋಳಾಡುತ್ತಿದ್ದೆ. ಹಗುರಾಗಲಿ ಎಂದು ಅವತ್ತು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಬಿಚ್ಚಿ ತಂದು ಹಾಕಿದ್ದೆ. ನೀನು ಗುದ್ದಿದಾಗಲೇ ನನಗೆ ಗೊತ್ತಾಯಿತು. ಏಟಿಗೆ ಹೆದರಿ ಬಾಯಿ ಬಿಡಲಿಲ್ಲ. ಆಮೇಲೆ ಎಲ್ಲರೂ ನಗುವಾಗ ನಾನೂ ನಕ್ಕೆ. ಇವತ್ತು ಮೇಸ್ತ್ರಿ ಕೇಳಿದಾಗಲೂ ಸ್ಪ್ಯಾನರ್ ಹುಡುಕುವವನ ಹಾಗೆ ಬಗ್ಗಿದೆ. ಈ ಕಾಗದ ಪೋಸ್ಟ್ ಮಾಡಲು ಅಪ್ಪನ ಕೈಗೇ ಕೊಡುತ್ತಿದ್ದೇನೆ. ಕವರ್ ಅಂಟಿಸಿಲ್ಲ.